ನೆಲಮಾಳಿಗೆಯ ಓದುಗನನ್ನು ಬರೆದವರು

ಸೆಫಿರೋತನನ್ನು ನಾನು ಮೊದಲು ಬರೆದದ್ದು 1999ರಲ್ಲಿ, ಮೈಸೂರಿನಲ್ಲಿ, ಪಿಯುಸಿ ಕನ್ನಡ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ. ಮುಂದಿನ ಹಾಳೆಗಳಲ್ಲಿ ರನ್ನನ ಗದಾಯುದ್ಧದ ಟಿಪ್ಪಣಿಗಳಿದ್ದವು. ಗೆಳತಿಯ ಅಣ್ಣ ಸಿಂಗಪುರದಿಂದ ಪ್ಲೇಸ್ಟೇಷನ್ ತಂದಿದ್ದ. ಅದರ ಜೊತೆ ಬಂದದ್ದು ಮೂರು ಡಿಸ್ಕುಗಳ ‘ಫೈನಲ್ ಫ್ಯಾಂಟಸಿ 7’ ಎಂಬ ವಿಡಿಯೋ ಗೇಮ್. ಸೆಫಿರೋತ್ ಅದರ ಖಳ. ಶನಿವಾರ ಮಧ್ಯಾಹ್ನಗಳಲ್ಲಿ ಅವನು ಆಡುತ್ತಿದ್ದ, ನಾವಿಬ್ಬರು ಹಿಂದೆ ಕೂತು ನೋಡುತ್ತಿದ್ದೆವು. ಮನೆಗೆ ಬಂದು ನಾನು ನೆನಪಿನಿಂದ ಬರೆಯುತ್ತಿದ್ದೆ: ಬೆಳ್ಳಿ ಕೂದಲು, ಕಪ್ಪು ಕೋಟು, ಆಳೆತ್ತರವನ್ನೂ ಮೀರಿದ ಕತ್ತಿ. ಈಗ ಪುಸ್ತಕಗಳಿಗೆ ಮುಖಪುಟ ಬರೆದು ಬದುಕುತ್ತಿದ್ದೇನೆ. ಆ ಹಾಳೆ ಇನ್ನೂ ನನ್ನ ಬಳಿ ಇದೆ.

ಅಂದು ನಾನೊಬ್ಬಳೇ ಹೀಗೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಜಪಾನಿನಲ್ಲಿ ಈ ಪದ್ಧತಿಗೆ ನನಗಿಂತ ಹೆಚ್ಚು ವಯಸ್ಸಾಗಿತ್ತು.

1975ರಲ್ಲಿ ಅಲ್ಲಿನ ಒಂದು ದೊಡ್ಡ ಮಾಂಗಾ (ಜಪಾನಿ ಕಾಮಿಕ್ಸ್) ಸಮ್ಮೇಳನವನ್ನು ಟೀಕಿಸಿದ ಅಭಿಮಾನಿಯೊಬ್ಬಳಿಗೆ ಒಳಗೆ ಬರಬೇಡ ಎಂದುಬಿಟ್ಟರು. ಅದನ್ನು ಸಹಿಸದೆ ಎದ್ದು ನಿಂತವರಲ್ಲಿ ‘ಮೇಯ್ಕ್ಯೂ’ ಎಂಬ ಗುಂಪಿನ ಯುವಕರಿದ್ದರು. ಯೋಶಿಹಿರೋ ಯೊನೆಜಾವಾ, ತೆರುಓ ಹರಾದಾ, ಜುನ್ ಅನಿವಾ ಆ ಗುಂಪಿನ ಪ್ರಮುಖರು. ಮೇಯ್ಕ್ಯೂ ಎಂದರೆ ಚಕ್ರವ್ಯೂಹದಂಥ ಸುತ್ತುದಾರಿ. ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯೆಂದರೆ ಅದು ಚಿತ್ರಕಾರರ ಗುಂಪಲ್ಲ, ವಿಮರ್ಶಕರ ಗುಂಪು. ಮಾಂಗಾವನ್ನು ಗಂಭೀರವಾಗಿ ಓದಿ, ಪಾತ್ರಗಳನ್ನು ಬಿಡಿಸಿ ನೋಡಿ, ತಮ್ಮದೇ ಪತ್ರಿಕೆಯಲ್ಲಿ ಲೇಖನ ಬರೆಯುತ್ತಿದ್ದವರು. ಅವರೇ ಆ ವರ್ಷ ಡಿಸೆಂಬರ್ 21ರಂದು ಟೋಕಿಯೋದ ತೊರಾನೊಮೊನ್‌ನಲ್ಲಿ, ಅಗ್ನಿಶಾಮಕ ಭವನದ ಸಭಾಂಗಣವೊಂದರಲ್ಲಿ, ಮೊದಲ ‘ಕಾಮಿಕ್ ಮಾರ್ಕೆಟ್’ ನಡೆಸಿದರು. ಮೇಜು ಹಾಕಿದ್ದು 32 ಗುಂಪುಗಳು, ಬಂದವರು ಸುಮಾರು 700 ಜನ. ಅವರಲ್ಲಿ ಬಹುಪಾಲು ಶಾಲೆಗೆ ಹೋಗುವ ಹುಡುಗಿಯರು.

ಅಲ್ಲಿ ಕೈಬದಲಾಗುವ, ಅಭಿಮಾನಿಗಳೇ ಬರೆದ ತೆಳ್ಳನೆಯ ಪುಸ್ತಕಗಳಿಗೆ ದೋಜಿನ್‌ಷಿ ಎನ್ನುತ್ತಾರೆ. ಆ ಸಂತೆಯಲ್ಲಿ ‘ಗ್ರಾಹಕ’ ಎಂಬ ಮಾತಿಲ್ಲ. ಬರೆದು ತಂದವರು, ಕೊಂಡವರು, ಸಾಲು ಕಾಯಿಸುವ ಸ್ವಯಂಸೇವಕರು ಎಲ್ಲರೂ ‘ಭಾಗವಹಿಸುವವರು’. ಕಾನೂನಿನ ಪ್ರಕಾರ ಇನ್ನೊಬ್ಬರ ಪಾತ್ರವನ್ನು ಅನುಮತಿಯಿಲ್ಲದೆ ಬರೆದು ಮಾರುವಂತಿಲ್ಲ. ಆದರೂ ಕಂಪನಿಗಳು ಹೆಚ್ಚಾಗಿ ಕಂಡೂ ಕಾಣದಂತೆ ಇರುತ್ತವೆ. 1996ರ ಬೇಸಿಗೆಗೆ ಸಂತೆ ಟೋಕಿಯೋ ಬಿಗ್ ಸೈಟ್ ಎಂಬ ಭಾರೀ ಪ್ರದರ್ಶನ ಭವನಕ್ಕೆ ಸಾಗಿತು. ಕೆಲವೇ ತಿಂಗಳಲ್ಲಿ, 1997ರ ಜನವರಿ 31ರಂದು, ‘ಫೈನಲ್ ಫ್ಯಾಂಟಸಿ 7’ ಜಪಾನಿನ ಅಂಗಡಿಗಳಿಗೆ ಬಂತು.

ಸೆಫಿರೋತನ ರೂಪ ತೆತ್ಸುಯಾ ನೊಮುರಾ ಅವರದು. ಅವನ ಕತ್ತಿಯ ಹೆಸರು ಮಸಮುನೆ, ಅದು ಹಳೆಯ ಕಾಲದ ಹೆಸರಾಂತ ಕತ್ತಿ ಕಮ್ಮಾರನ ಹೆಸರು. ಉದ್ದ ಮಾತ್ರ ಸಸಾಕಿ ಕೊಜಿರೋನ ಕತ್ತಿಯನ್ನು ನೆನಪಿಸುವಂಥದ್ದು. ಬಟ್ಟೆ ಒಣಹಾಕುವ ಗಳು ಎಂದೇ ಹೆಸರಾದ ಉದ್ದನೆಯ ಕತ್ತಿ ಹಿಡಿದು ಖಡ್ಗವೀರ ಮುಸಾಷಿಯ ಎದುರು ಬಿದ್ದ ವೀರ ಅವನು. ಸೋಲುವವನ ಆಯುಧವನ್ನು ಸೆಫಿರೋತನ ಕೈಗೆ ಕೊಟ್ಟೇ ಕಥೆ ಶುರುವಾಗುತ್ತದೆ.

ಆದರೆ ಆಟದ ಪರದೆಯಲ್ಲಿ ಇದ್ದದ್ದೇನು? ಊರುಗಳಲ್ಲಿ ಓಡಾಡುವ ಆ ಗೊಂಬೆಗಳಿಗೆ ಬಾಯಿಯೇ ಇರಲಿಲ್ಲ. ಕೈಗಳೆಂದರೆ ಎರಡು ಮರದ ತುಂಡು. ಸೆಫಿರೋತನ ಬರವನ್ನು ಮೊದಲು ಹೇಳುವುದು ನೆಲದ ಮೇಲಿನ ರಕ್ತದ ಗೆರೆ, ಆಮೇಲೆ ಕಥೆಯ ಕಂಪನಿಯೊಂದರ ಅಧ್ಯಕ್ಷನ ಬೆನ್ನಿಗೆ ನಾಟಿದ ಕತ್ತಿ. ಎಷ್ಟೋ ಹೊತ್ತು ಅವನೇ ಕಾಣುವುದಿಲ್ಲ. ಕಂಡಾಗಲೂ ಮುಖದಲ್ಲಿ ಓದಲು ಏನೂ ಇಲ್ಲ. ಆ ಮುಖವನ್ನು ತುಂಬುವ ಕೆಲಸ ಪೆನ್ಸಿಲ್ ಹಿಡಿದವರ ಪಾಲಿಗೆ ಬಂತು. ಈ ಖಳನನ್ನು ಅಷ್ಟೊಂದು ಜನ ಬರೆದದ್ದಕ್ಕೆ ಅವನ ಚೆಲುವಿಗಿಂತ ಆ ಖಾಲಿ ಜಾಗವೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಕಥೆಯಲ್ಲೂ ಅಂಥದೇ ಒಂದು ಖಾಲಿ ಜಾಗವಿದೆ. ನಿಬೆಲ್‌ಹೈಮ್ ಎಂಬ ಬೆಟ್ಟದ ಊರು. ಹಳೆಯ ಬಂಗಲೆಯ ನೆಲಮಾಳಿಗೆಯ ಗ್ರಂಥಾಲಯದಲ್ಲಿ ಸೆಫಿರೋತ್ ಹಗಲು ರಾತ್ರಿ ಓದುತ್ತಾನೆ, ದೀಪ ಆರುವುದೇ ಇಲ್ಲ. ಎದ್ದು ಹೊರಬಂದವನು ಊರಿಗೆ ಬೆಂಕಿ ಹಚ್ಚುತ್ತಾನೆ. ಬೆಂಕಿಯ ನಡುವೆ ತಲೆ ಎತ್ತಿ ನೋಡಿ ಬೆನ್ನು ತಿರುಗಿಸಿ ನಡೆಯುವ ಆ ದೃಶ್ಯವನ್ನು ಎಷ್ಟು ಸಾವಿರ ಕೈಗಳು ಬರೆದಿವೆಯೋ! ನನಗೆ ಮಾತ್ರ ಅದರ ಹಿಂದಿನ ದಿನಗಳೇ ಮುಖ್ಯ. ಎರಡು ಸಾವಿರ ವರ್ಷ ಹಳೆಯ ಶಿಲಾಪದರದಲ್ಲಿ ಸಿಕ್ಕ ಜೆನೋವಾ ಎಂಬ ಜೀವಿಯನ್ನು ಪ್ರೊಫೆಸರ್ ಗ್ಯಾಸ್ಟ್ ‘ಪ್ರಾಚೀನರ’ ಕುಲದ್ದೆಂದು ಬರೆದಿಟ್ಟಿದ್ದ. ಅದು ತಪ್ಪು. ಜೆನೋವಾ ಆ ಕುಲವನ್ನೇ ನಾಶಮಾಡಿದ, ಆಕಾಶದಿಂದ ಬಿದ್ದ ಪಿಡುಗು. ತಾಯಿಯ ಹೆಸರು ಜೆನೋವಾ ಎಂದಷ್ಟೇ ಕೇಳಿ ಬೆಳೆದವನು ಆ ತಪ್ಪು ವರದಿ ಓದಿ, ತಾನು ಪ್ರಾಚೀನರ ವಾರಸುದಾರ, ಮನುಷ್ಯರು ದ್ರೋಹಿಗಳು ಎಂದು ತೀರ್ಮಾನಿಸಿದ. ಹೆತ್ತವಳು ಲುಕ್ರೀಷಿಯಾ. ತಂದೆ ಹೋಜೋ ಎದುರಿಗೇ ಇದ್ದೂ ಬಾಯಿ ಬಿಡಲಿಲ್ಲ.

ಹುಟ್ಟು ಕ್ರೂರಿಯೋ, ಸುಳ್ಳು ಓದಿ ಕೆಟ್ಟವನೋ, ಜೆನೋವಾ ಅವನನ್ನು ಆಡಿಸುತ್ತಿದ್ದಳೋ ಅವನೇ ಅವಳನ್ನು ಆಡಿಸುತ್ತಿದ್ದನೋ ಎಂಬ ವಾದಗಳು ಇಂದಿಗೂ ನಿಂತಿಲ್ಲ. 2007ರ ‘ಕ್ರೈಸಿಸ್ ಕೋರ್’ ಎಂಬ ಆಟ ಅವನಿಗೆ ಗೆಳೆಯರನ್ನು ಕೊಟ್ಟು ವಾದಕ್ಕೆ ಇನ್ನಷ್ಟು ಸೌದೆ ಹಾಕಿತು. ನನ್ನ ತೀರ್ಪು ಎರಡನೆಯದು. ಹಾಗೆಂದು ಅವನ ಪಾಪ ಕಡಿಮೆಯಾಗುವುದಿಲ್ಲ. ಬೆಂಕಿಯಲ್ಲಿ ಸತ್ತವರು ವರದಿ ಬರೆದವರಲ್ಲ. ದುರ್ಯೋಧನನ ತಪ್ಪನ್ನು ಮರೆಯದೆಯೇ ರನ್ನನ ಜೊತೆ ಅವನಿಗಾಗಿ ಮರುಗುವುದನ್ನು ಅದೇ ನೋಟ್‌ಬುಕ್ಕಿನ ಮುಂದಿನ ಹಾಳೆಗಳಲ್ಲಿ ನಾನು ಕಲಿಯುತ್ತಿದ್ದೆ.

2018ರ ಆಗಸ್ಟಿನಲ್ಲಿ ಆ ಕಾಮಿಕ್ ಮಾರ್ಕೆಟ್ ಸಂತೆಗೆ ಹೋದೆ. ಸಮುದ್ರದ ಪಕ್ಕ, ಮಂಗಳೂರಿನಂಥ ಬೆವರು, ಬೆಳಗಿನಿಂದ ಸಾಲು. ಉದ್ದ ಮೇಜುಗಳ ಸಾಲಿನಲ್ಲಿ ಒಂದೊಂದು ಗುಂಪಿಗೆ ಅರ್ಧ ಮೇಜು. ಅಂಥ ಒಂದು ಅರ್ಧ ಮೇಜಿನ ಹಿಂದೆ ನನ್ನ ವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ಅವಳ ಪುಸ್ತಕಕ್ಕೆ ಇಪ್ಪತ್ನಾಲ್ಕು ಪುಟ, ಒಂದೂ ಮಾತಿಲ್ಲ. ಕತ್ತಿ ಇಲ್ಲ, ಬೆಂಕಿ ಇಲ್ಲ. ನೆಲಮಾಳಿಗೆಯಲ್ಲಿ ಒಬ್ಬ ಓದುತ್ತಿದ್ದಾನೆ. ಪುಟದಿಂದ ಪುಟಕ್ಕೆ ಹೆಗಲು ಸ್ವಲ್ಪ ಸ್ವಲ್ಪವೇ ಬಾಗುತ್ತದೆ. ಕೊನೆಯ ಪುಟದಲ್ಲಿ ಕುರ್ಚಿ ಖಾಲಿ. ಇಪ್ಪತ್ತು ವರ್ಷದಿಂದ ನಾನು ಹೇಳಲು ಹೆಣಗುತ್ತಿದ್ದುದನ್ನು ಅವಳು ಹೆಗಲಿನ ಗೆರೆಯಲ್ಲಿ ಹೇಳಿಬಿಟ್ಟಿದ್ದಳು. ನನಗೆ ಗೊತ್ತಿದ್ದ ಹರಕು ಜಪಾನಿಯಲ್ಲಿ, ನಾನೂ ಇವನನ್ನು ಬರೆಯುತ್ತೇನೆ ಅಂದೆ. ಜಪಾನಿಯಲ್ಲೂ ನಮ್ಮಂತೆ ಚಿತ್ರಕ್ಕೂ ಅಕ್ಷರಕ್ಕೂ ಬಾಯಲ್ಲಿ ಒಂದೇ ಕ್ರಿಯಾಪದ, ‘ಕಾಕು’. ಚಿತ್ರವೋ ಬರಹವೋ ಎಂದು ಅವಳು ಕೇಳಲಿಲ್ಲ. ತಲೆಬಾಗಿ ಎರಡು ಕೈಯಲ್ಲಿ ಪುಸ್ತಕ ಕೊಟ್ಟಳು.

ಯೊನೆಜಾವಾ 1980ರಿಂದ ಆ ಸಂತೆಯನ್ನು ಮುನ್ನಡೆಸಿ, 2006ರ ಅಕ್ಟೋಬರ್ 1ರಂದು 53ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕೂಡಿಟ್ಟ ಮಾಂಗಾ ಮತ್ತು ದೋಜಿನ್‌ಷಿಗಳಿಗಾಗಿ ಟೋಕಿಯೋದ ಮೇಯ್ಜಿ ವಿಶ್ವವಿದ್ಯಾಲಯ 2009ರಲ್ಲಿ ಅವರ ಹೆಸರಿನಲ್ಲೇ ಗ್ರಂಥಾಲಯ ತೆರೆಯಿತು. ಚಿತ್ರ ಬರೆಯುವ ಕನ್ನಡದ ಮಕ್ಕಳು ಯಾರಾದರೂ ಆ ಊರಿಗೆ ಹೋದರೆ ಒಂದು ಮಧ್ಯಾಹ್ನವನ್ನು ಅಲ್ಲಿ ಕಳೆಯಿರಿ.