ತೆರಿಗೆ ಬದಲಾದರೂ ಬಿಲ್‌ ತಪ್ಪಬಾರದು: ಪಿಎಚ್‌ಪಿಯ ಕ್ಲಾಸ್‌, ಆಬ್ಜೆಕ್ಟ್‌ ಅಂದ್ರೆ ಏನು?

ಮೈಸೂರು: ತುಪ್ಪ, ಬಾದಾಮಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ 22ರಂದು ಶೇ 12ರಿಂದ ಶೇ 5ಕ್ಕೆ ಇಳಿಯಿತು. ಮೈಸೋಪು, ತಲೆಗೆ ಹಚ್ಚುವ ಎಣ್ಣೆ ಶೇ 18ರಿಂದ ಶೇ 5ಕ್ಕೆ ಬಂತು. ಮಂಡಿ ಮೊಹಲ್ಲಾದಂಥ ವ್ಯಾಪಾರದ ಜಾಗದಲ್ಲಿ ಇಂಥ ಬದಲಾವಣೆ ರಾತ್ರಿ ಬೆಳಗಾಗುವಷ್ಟರಲ್ಲಿ ಕಂಪ್ಯೂಟರ್‌ ಬಿಲ್ಲಿಗೂ ಬರಬೇಕು. ತೆರಿಗೆ ಬಿಟ್ಟು 600 ರೂಪಾಯಿ ಬೆಲೆಯ ತುಪ್ಪಕ್ಕೆ ಹಳೇ ದರದಲ್ಲಿ 672 ರೂ., ಹೊಸ ದರದಲ್ಲಿ 630 ರೂ. ಹಳೇ ದರ ಎಲ್ಲೋ ಒಂದು ಕಡೆ ಉಳಿದುಬಿಟ್ಟರೆ ಗಿರಾಕಿ 42 ರೂಪಾಯಿಗೆ ಜಗಳ ತೆಗೀತಾರೆ. ತೆಗೆಯೋದು ನ್ಯಾಯವೇ.

ಕಂಪನಿಯಿಂದ ಕೊಂಡ ಸಾಫ್ಟ್‌ವೇರ್‌ ಆದರೆ ಅಪ್‌ಡೇಟ್‌ ಹಾಕಿಕೊಂಡರೆ ಆಯ್ತು. ಪರಿಚಯದ ಹುಡುಗರಿಂದ ಪಿಎಚ್‌ಪಿಯಲ್ಲಿ ಬರೆಸಿಕೊಂಡ ವೆಬ್‌ ಬಿಲ್ಲಿಂಗ್‌ ಆದರೆ ಅದನ್ನು ಹೇಗೆ ಬರೆದಿದ್ದಾರೆ ಅನ್ನೋದು ಮುಖ್ಯ. ಬಿಲ್‌ ಪುಟ, ಕೊಟೇಶನ್‌ ಪುಟ, ಮಾಲು ವಾಪಸ್‌ ಪುಟ ಹೀಗೆ ಎಲ್ಲ ಕಡೆ 12 ಅಂತ ಕೈಯಾರೆ ಟೈಪ್‌ ಮಾಡಿದ್ದರೆ ಒಂದೊಂದನ್ನೂ ಹುಡುಕಿ ತಿದ್ದಬೇಕು. ಈ ತಾಪತ್ರಯ ತಪ್ಪಿಸಲು ಇರುವ ಒಂದು ದಾರಿ ಆಬ್ಜೆಕ್ಟ್‌ ಓರಿಯೆಂಟೆಡ್‌ ಪ್ರೋಗ್ರಾಮಿಂಗ್‌. ಹೆಸರು ಕೇಳಿ ಹೆದರಬೇಕಿಲ್ಲ.

ಖಾಲಿ ಬಿಲ್‌, ತುಂಬಿದ ಬಿಲ್‌

ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ ಬಿಲ್‌ ಪುಸ್ತಕ ನೆನಪಿಸಿಕೊಳ್ಳಿ. ಹೆಸರಿಗೆ ಒಂದು ಗೆರೆ, ದರಕ್ಕೆ ಒಂದು ಕಾಲಂ, ಕೆಳಗೆ ಒಟ್ಟು. ಆ ಖಾಲಿ ನಮೂನೆಯೇ ಕ್ಲಾಸ್‌. ಗಿರಾಕಿ ಬಂದಾಗ ತುಂಬಿ ಹರಿದುಕೊಡುವ ಒಂದೊಂದು ಹಾಳೆಯೂ ಆಬ್ಜೆಕ್ಟ್‌. ಪಿಎಚ್‌ಪಿಯಲ್ಲಿ ‘ನ್ಯೂ’ ಎಂಬ ಪದ ಬಳಸಿದರೆ ಹೊಸ ಹಾಳೆ ತೆರೆದಂತೆ. ಬೆಲೆ, ತೂಕ, ತೆರಿಗೆ ದರದಂಥ ಮಾಹಿತಿಗೆ ಪ್ರಾಪರ್ಟಿ ಅಂತಾರೆ. ಒಟ್ಟು ಲೆಕ್ಕ ಹಾಕುವಂಥ ಕೆಲಸಕ್ಕೆ ಮೆಥಡ್‌ ಅಂತಾರೆ. ಹೋಲಿಕೆ ಇಲ್ಲಿ ಸ್ವಲ್ಪ ಸಾಲದು, ಯಾಕಂದ್ರೆ ಕಾಗದದ ಬಿಲ್‌ ತಾನೇ ಕೂಡಿಕೊಳ್ಳೋದಿಲ್ಲ, ಆಬ್ಜೆಕ್ಟ್‌ ಕೂಡಿಕೊಳ್ಳುತ್ತೆ.

ಬರೆಯುವ ರೀತಿ ಹೀಗೆ: $ತುಪ್ಪ->ಒಟ್ಟು(). ತುಪ್ಪ ಎಂಬ ಆಬ್ಜೆಕ್ಟ್‌ಗೆ ‘ನಿನ್ನ ಒಟ್ಟು ಹೇಳು’ ಅಂದಂತೆ. ಅಂದಹಾಗೆ, ಇದು ತಮಾಷೆಗೆ ಬರೆದದ್ದಲ್ಲ. ಪಿಎಚ್‌ಪಿಯಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಓಡುತ್ತದೆ. ಕ್ಲಾಸ್‌, ನ್ಯೂ ಮುಂತಾದ ಮೀಸಲು ಪದಗಳಿಗೆ ಮಾತ್ರ ಇಂಗ್ಲಿಷ್‌ ಅಕ್ಷರವೇ ಬೇಕು.

ಗಲ್ಲಾಪೆಟ್ಟಿಗೆಗೆ ಬೀಗ

ಅಂಗಡಿಗೆ ಯಾರು ಬೇಕಾದರೂ ಬರಬಹುದು, ಗಲ್ಲಾಕ್ಕೆ ಕೈ ಹಾಕುವಂತಿಲ್ಲ. ಪಬ್ಲಿಕ್‌, ಪ್ರೈವೇಟ್‌ ಎಂಬ ಎರಡು ಪದಗಳ ಕೆಲಸ ಇದೇ. ಬೆಲೆಯನ್ನು ಪ್ರೈವೇಟ್‌ ಮಾಡಿದ್ದರೆ, ಬೇರೆ ಪುಟದಲ್ಲಿ ಯಾರೋ ಗೊತ್ತಿಲ್ಲದೆ $ತುಪ್ಪ->ಬೆಲೆ = 0 ಅಂತ ಬರೆದಾಗ ಪಿಎಚ್‌ಪಿ ಅಲ್ಲೇ ತಪ್ಪು ತೋರಿಸಿ ನಿಲ್ಲುತ್ತದೆ. ಆಬ್ಜೆಕ್ಟ್‌ ಹುಟ್ಟುವಾಗಲೇ ಓಡುವ ಕನ್‌ಸ್ಟ್ರಕ್ಟರ್‌ ಎಂಬ ಮೆಥಡ್‌ನಲ್ಲಿ ತೂಕ ಸೊನ್ನೆಗಿಂತ ಕಡಿಮೆ ಇದೆಯೇ ಅಂತ ನೋಡಿ, ಇದ್ದರೆ ಒಪ್ಪಿಕೊಳ್ಳದಂತೆ ಮಾಡಬಹುದು.

ಹಳೇ ಬಿಲ್‌ ಬದಲಾಗಬಾರದು

ದರ ಒಂದೇ ಕಡೆ ಇಟ್ಟರೆ ಎಲ್ಲ ಸರಿಹೋಯ್ತು ಅಂದುಕೊಂಡರೆ ಅಲ್ಲೇ ಎಡವಟ್ಟು. ಸೆಪ್ಟೆಂಬರ್‌ 10ರಂದು ಶೇ 12ರಲ್ಲಿ ಕೊಟ್ಟ ಬಿಲ್ಲನ್ನು ಅಕ್ಟೋಬರ್‌ನಲ್ಲಿ ಮತ್ತೆ ಪ್ರಿಂಟ್‌ ತೆಗೆದರೆ ಶೇ 5 ಅಂತ ಬಂದುಬಿಡಬಹುದು. ಆಡಿಟರ್‌ ಹತ್ತಿರ ಇರುವ ಲೆಕ್ಕ ಒಂದು, ಕಂಪ್ಯೂಟರ್‌ ಹೇಳುವ ಲೆಕ್ಕ ಇನ್ನೊಂದು. ಹಾಗಾಗಿ ಸರಕಿಗೆ ಒಂದು ಕ್ಲಾಸ್‌, ಬಿಲ್ಲಿನ ಸಾಲಿಗೆ ಇನ್ನೊಂದು ಕ್ಲಾಸ್‌ ಇರಬೇಕು. ಸರಕಿನ ದರ ಇವತ್ತಿನದು, ಅದು ಬದಲಾಗುತ್ತಿರುತ್ತದೆ. ಬಿಲ್‌ ಸಾಲಿನ ದರ ಮಾರಿದ ದಿನದ್ದು, ಅದನ್ನು ಮುಟ್ಟುವಂತಿಲ್ಲ.

ಇದಕ್ಕೆಂದೇ 2021ರ ನವೆಂಬರ್‌ನಲ್ಲಿ ಬಂದ ಪಿಎಚ್‌ಪಿ 8.1ರಲ್ಲಿ ‘ರೀಡ್‌ಓನ್ಲಿ’ ಸೇರಿತು. ಒಮ್ಮೆ ತುಂಬಿದ ಮೇಲೆ ಬದಲಿಸಲು ಹೋದರೆ ತಪ್ಪು ತೋರಿಸುತ್ತದೆ. ಆದರೆ ಪಿಎಚ್‌ಪಿಯಲ್ಲಿ ಸಾಮಾನ್ಯವಾಗಿ ಪುಟ ತೆರೆದು ಮುಗಿಯುತ್ತಿದ್ದಂತೆ ಆಬ್ಜೆಕ್ಟ್‌ಗಳೆಲ್ಲ ಮಾಯವಾಗುತ್ತವೆ, ಉಳಿಯೋದು ಡೇಟಾಬೇಸ್‌ನಲ್ಲಿ ಬರೆದಿಟ್ಟದ್ದು ಮಾತ್ರ. ಆದ್ದರಿಂದ ಪ್ರತಿ ಬಿಲ್‌ ಸಾಲಿನ ಜೊತೆ ಆ ದಿನದ ದರವೂ ಅಲ್ಲಿ ದಾಖಲಾಗಬೇಕು.

ಎರಡು ಹೆಸರು, ಒಂದೇ ಖಾತೆ

ಉದ್ರಿ ಪುಸ್ತಕದಲ್ಲಿ ಒಬ್ಬರದೇ ಖಾತೆಯನ್ನು ಯಜಮಾನರು ಒಂದು ಹೆಸರಲ್ಲಿ, ಅಂಗಡಿ ಹುಡುಗ ಇನ್ನೊಂದು ಹೆಸರಲ್ಲಿ ಕರೆಯಬಹುದು. ಪುಟ ಒಂದೇ. ಪಿಎಚ್‌ಪಿಯಲ್ಲಿ $ಅ = $ಬ ಎಂದು ಬರೆದರೂ ಹೊಸ ಆಬ್ಜೆಕ್ಟ್‌ ಹುಟ್ಟುವುದಿಲ್ಲ. ಒಂದರಲ್ಲಿ ತಿದ್ದಿದರೆ ಇನ್ನೊಂದರಲ್ಲೂ ತಿದ್ದಿದಂತೆ. ಬೇರೆ ಪ್ರತಿ ಬೇಕಾದರೆ ‘ಕ್ಲೋನ್‌’ ಎಂದು ಬರೆಯಬೇಕು, ಜೆರಾಕ್ಸ್‌ ತೆಗೆದ ಹಾಗೆ. 2004ರ ಪಿಎಚ್‌ಪಿ 5ಕ್ಕಿಂತ ಮುಂಚೆ ಇದು ಉಲ್ಟಾ ಇತ್ತು. ಪ್ರೈವೇಟ್‌ ಎಂಬ ಬೀಗವೂ ಆ ಆವೃತ್ತಿಯಲ್ಲೇ ಬಂದದ್ದು. ರಾಸ್ಮಸ್‌ ಲೆರ್ಡಾರ್ಫ್‌ 1994ರಲ್ಲಿ ಈ ಕೆಲಸ ಶುರು ಮಾಡಿದ್ದು ತಮ್ಮ ಸ್ವಂತ ವೆಬ್‌ ಪುಟ ನೋಡಿಕೊಳ್ಳಲು. ಅಂಗಡಿ ಬಿಲ್ಲು ಅವರ ಯೋಚನೆಯಲ್ಲೇ ಇರಲಿಲ್ಲ.

ಒಂದು ಕ್ಲಾಸ್‌ನಿಂದ ಇನ್ನೊಂದನ್ನು ಬೆಳೆಸುವುದೂ ಉಂಟು, ಅದು ಇನ್‌ಹೆರಿಟೆನ್ಸ್‌. ‘ಸರಕು’ ಎಂಬ ಕ್ಲಾಸ್‌ನಿಂದ ತೂಗಿ ಮಾರುವ ಸರಕು, ಎಣಿಸಿ ಮಾರುವ ಸರಕು ಎಂದು ಎರಡು ಮಾಡಿಕೊಳ್ಳಬಹುದು. ಹೆಸರು, ಬೆಲೆ ಎರಡಕ್ಕೂ ಬಳುವಳಿಯಾಗಿ ಬರುತ್ತದೆ, ಲೆಕ್ಕ ಹಾಕುವ ರೀತಿ ಮಾತ್ರ ಬೇರೆ. ಸಣ್ಣ ಅಂಗಡಿಗೆ ಇಷ್ಟು ಸಾಕು. ನಾಲ್ಕೈದು ತಲೆಮಾರು ಬೆಳೆಸಿದರೆ ಮುಂದೆ ರಿಪೇರಿ ಮಾಡುವವರಿಗೆ ತಲೆನೋವು.

ಸಾಫ್ಟ್‌ವೇರ್‌ ಬರೆದುಕೊಟ್ಟವರ ಹತ್ತಿರ ಎರಡು ವಿಷಯ ಕೇಳಿ: ತೆರಿಗೆ ದರ ಎಷ್ಟು ಕಡೆ ಬರೆದಿದ್ದೀರಿ, ಸರ್ವರ್‌ನಲ್ಲಿರುವ ಪಿಎಚ್‌ಪಿ ಯಾವ ಆವೃತ್ತಿ. 7.4 ಅಂದರೆ ರೀಡ್‌ಓನ್ಲಿ ಅಲ್ಲಿ ಓಡುವುದಿಲ್ಲ. ಆ ಆವೃತ್ತಿಗೆ ಪಿಎಚ್‌ಪಿ ತಂಡದ ಭದ್ರತಾ ಅಪ್‌ಡೇಟ್‌ ಕೂಡ 2022ರ ನವೆಂಬರ್‌ಗೇ ನಿಂತಿದೆ. ಆವೃತ್ತಿ ಬದಲಿಸುವ ಮುಂಚೆ ಡೇಟಾಬೇಸ್‌ನ ಒಂದು ಬ್ಯಾಕಪ್‌ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು, ಹಳೇ ಬಿಲ್ಲೊಂದನ್ನು ಮತ್ತೆ ಪ್ರಿಂಟ್‌ ತೆಗೆದು ಮೂಲ ಬಿಲ್ಲಿನ ಜೊತೆ ತಾಳೆ ನೋಡಿ.