ಮೂರು ಭಾಷೆಯ ಒಂದು ಮನೆ



1953ರ ಸೆಪ್ಟೆಂಬರ್ 19ರಂದು ಜಗದ್ಗುರು ಹನ್ನೆರಡನೆಯ ಪಯಸ್ಸರು ಬೆಳಗಾವಿ ಧರ್ಮಕ್ಷೇತ್ರವನ್ನು ಸ್ಥಾಪಿಸಿದರು. ಅಲ್ಲಿಯವರೆಗೆ ಇಲ್ಲಿನ ಹೆಚ್ಚಿನ ಭಾಗ ಗೋವಾ ಮಹಾಧರ್ಮಕ್ಷೇತ್ರಕ್ಕೆ ಸೇರಿತ್ತು. ಗೋವೆಯಲ್ಲೋ ಇನ್ನೂ ಪೋರ್ಚುಗೀಸರ ಆಳ್ವಿಕೆ. ವಂದನೀಯ ಮೈಕೆಲ್ ರೊಡ್ರಿಗಸ್ ಪ್ರಥಮ ಧರ್ಮಾಧ್ಯಕ್ಷರಾದರು.

ಧರ್ಮಕ್ಷೇತ್ರ ಒಂದೇ ಆಜ್ಞೆಯಿಂದ ಹುಟ್ಟಿತು, ಸಮುದಾಯ ಹಾಗೆ ಹುಟ್ಟಲಿಲ್ಲ. ಬೆಳಗಾವಿ ಕ್ಯಾಂಪಿನಲ್ಲಿ ಇಂಗ್ಲಿಷ್, ಗೋವೆಯ ಗಡಿಗೆ ತಾಗಿದ ಖಾನಾಪುರದಲ್ಲಿ ಕೊಂಕಣಿ, ಮರಾಠಿ, ಬಯಲು ಹಳ್ಳಿಗಳಲ್ಲಿ ಕನ್ನಡ. ಲತೀನಿನ ಪೂಜೆಯ ಕಾಲದಲ್ಲಿ ಈ ಭೇದ ಅಷ್ಟಾಗಿ ಕಾಣಲಿಲ್ಲ. ಅರ್ಥವಾಗದ ಭಾಷೆಯ ಮುಂದೆ ನಾವೆಲ್ಲರೂ ಸಮಾನರಾಗಿದ್ದೆವು! ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962-65) ನಂತರ ಜನರ ಭಾಷೆ ಬಲಿಪೀಠಕ್ಕೆ ಬಂತು. ಯಾರ ಭಾಷೆ ಎಂಬ ಪ್ರಶ್ನೆಯೂ ಜೊತೆಗೇ ಬಂತು. ದೇವಾಲಯದ ಗೋಡೆ ಕಟ್ಟುವುದಕ್ಕಿಂತ, ಪಕ್ಕದವರ ಭಾಷೆಯ ಗೀತೆ ಮುಗಿಯುವವರೆಗೆ ಮುಖ ಸಿಂಡರಿಸದೆ ಕೂರುವುದೇ ನಮಗೆ ಕಷ್ಟವಾಯಿತೆನ್ನಬೇಕು.

ಜೆರುಸಲೇಮಿನ ಆದಿಸಭೆಯಲ್ಲೂ ಇದೇ ಜಗಳ. ದಿನದ ಊಟ ಬಡಿಸುವಾಗ ತಮ್ಮ ವಿಧವೆಯರನ್ನು ಕಡೆಗಣಿಸುತ್ತಾರೆಂದು ಗ್ರೀಕ್ ಮಾತಾಡುವವರು ಗೊಣಗಿದರು. ಪ್ರೇಷಿತರು ಸಭೆಯನ್ನು ಎರಡು ಮಾಡಲಿಲ್ಲ. ಬಡಿಸಲು ಏಳು ಮಂದಿಯನ್ನು ನೇಮಿಸಿದರು.

1976ರಲ್ಲಿ ಕಾರವಾರ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ಖಾನಾಪುರ ನಮ್ಮೊಡನೆಯೇ ಉಳಿಯಿತು. ಈ ಹಬ್ಬದಂದು ವಿಶ್ವಾಸಿಗಳ ಪ್ರಾರ್ಥನೆಯನ್ನು ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಕೊಂಕಣಿಯಲ್ಲಿ, ಮತ್ತೊಬ್ಬರು ಮರಾಠಿಯಲ್ಲಿ ಓದುವರು. ತಮ್ಮದಲ್ಲದ ಭಾಷೆಯಲ್ಲಿ ಓದಲು ಒಪ್ಪುವ ಯುವಕರು ದಯವಿಟ್ಟು ಶನಿವಾರ ಸಂಜೆ ಬನ್ನಿ.