ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೋದರೆ ನಿಮ್ಮ ಕೆಲಸದ ತಂತ್ರಾಂಶ ನಡೆಯುತ್ತದೆಯೇ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಹೀಗಾಗಿ ಚೆನ್ನಾಗಿ ಕೆಲಸ ಮಾಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳು ಹೊಸ ವಿಂಡೋಸ್‌ಗೆ ಅನರ್ಹವಾಗಿವೆ. ಆಗ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: "ಲಿನಕ್ಸ್ ಹಾಕಿಕೊಳ್ಳಿ, ಉಚಿತ, ಎಲ್ಲವೂ ನಡೆಯುತ್ತದೆ."

ಬ್ರೌಸರ್, ಇಮೇಲ್, ವಿಡಿಯೋ, ಪತ್ರ ಬರೆಯುವುದು ಇಷ್ಟೇ ಕೆಲಸವಿದ್ದವರಿಗೆ ಈ ಸಲಹೆ ಬಹುಮಟ್ಟಿಗೆ ಸರಿ. ಆದರೆ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಪೇಜ್‌ಮೇಕರ್‌ನಲ್ಲಿ ಆಹ್ವಾನ ಪತ್ರಿಕೆ ಕೂರಿಸುವ ಡಿಟಿಪಿಯವರು, ಆಟೋಕ್ಯಾಡ್‌ನಲ್ಲಿ ಮನೆಯ ನಕ್ಷೆ ಬಿಡಿಸುವವರು ಏನು ಮಾಡಬೇಕು? ಅವರಿಗೆ ಕಂಪ್ಯೂಟರ್ ಎಂದರೆ ಆ ಒಂದು ತಂತ್ರಾಂಶವೇ. ಅದು ನಿಂತರೆ ಅಂದಿನ ದುಡಿಮೆಯೂ ನಿಲ್ಲುತ್ತದೆ.

ಚುಟುಕು ಉತ್ತರ

ಕಾರ್ಯಾಚರಣಾ ವ್ಯವಸ್ಥೆ ಯಾವುದು ಒಳ್ಳೆಯದು ಎಂಬುದು ಇಲ್ಲಿ ಮುಖ್ಯ ಪ್ರಶ್ನೆಯೇ ಅಲ್ಲ. ನೀವು ನೆಚ್ಚಿಕೊಂಡ ತಂತ್ರಾಂಶ, ಅದರ ಹಳೆಯ ಕಡತಗಳು ಮತ್ತು ಅದಕ್ಕೆ ಜೋಡಿಸಿದ ಸಾಧನಗಳು ಹೊಸ ಜಾಗದಲ್ಲಿ ನಡೆಯುತ್ತವೆಯೇ ಎಂಬುದೇ ಪ್ರಶ್ನೆ. ಮೂರಕ್ಕೂ 'ಹೌದು' ಎಂದಾದರೆ ಬದಲಾಯಿಸಬಹುದು. ಒಂದಕ್ಕೆ 'ಇಲ್ಲ' ಎಂದಾದರೂ ಬೇರೆ ದಾರಿ ನೋಡಬೇಕು.

ಒಂದು ಕಡೆಯ ತಂತ್ರಾಂಶ ಇನ್ನೊಂದು ಕಡೆ ಏಕೆ ನಡೆಯುವುದಿಲ್ಲ?

ಯಾವ ತಂತ್ರಾಂಶವೂ ಎಲ್ಲ ಕೆಲಸವನ್ನು ತಾನೇ ಮಾಡಿಕೊಳ್ಳುವುದಿಲ್ಲ. ಕಡತ ಉಳಿಸಲು, ಪರದೆಯ ಮೇಲೆ ಅಕ್ಷರ ಮೂಡಿಸಲು, ಪ್ರಿಂಟರ್‌ಗೆ ಪುಟ ಕಳಿಸಲು ಅದು ಕಾರ್ಯಾಚರಣಾ ವ್ಯವಸ್ಥೆಗೆ ಕೋರಿಕೆ ಸಲ್ಲಿಸುತ್ತದೆ. ವಿಂಡೋಸ್‌ಗೆ ಕೋರಿಕೆ ಸಲ್ಲಿಸುವ ಕ್ರಮ ಒಂದಾದರೆ ಲಿನಕ್ಸ್‌ನದು ಇನ್ನೊಂದು. ತಾಲ್ಲೂಕು ಕಚೇರಿಯ ನಮೂನೆಯಲ್ಲಿ ತುಂಬಿದ ಅರ್ಜಿಯನ್ನು ಆರ್‌ಟಿಒ ಕಚೇರಿಯಲ್ಲಿ ಕೊಟ್ಟರೆ ತೆಗೆದುಕೊಳ್ಳುತ್ತಾರೆಯೇ? ಇದೂ ಹಾಗೆಯೇ.

ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವರು ಇರುತ್ತಾರಲ್ಲ, ಲಿನಕ್ಸ್‌ನಲ್ಲಿ ಆ ಕೆಲಸ ಮಾಡುವುದು 'ವೈನ್'. 1993ರಲ್ಲಿ ಶುರುವಾದ ಈ ಯೋಜನೆ ವಿಂಡೋಸ್ ತಂತ್ರಾಂಶದ ಕೋರಿಕೆಗಳನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ಬದಲಿಸಿಕೊಡುತ್ತದೆ. ಇದನ್ನೇ ಆಧರಿಸಿ ವಾಲ್ವ್ ಕಂಪನಿ 2018ರಲ್ಲಿ 'ಪ್ರೋಟಾನ್' ತಂದಿತು. ಅದರಿಂದಾಗಿ ವಿಂಡೋಸ್‌ನ ಸಾವಿರಾರು ಆಟಗಳು ಲಿನಕ್ಸ್‌ನಲ್ಲಿ ಓಡುತ್ತಿವೆ.

ನಂಬಿಕೆ: ಅಷ್ಟು ದೊಡ್ಡ ಆಟಗಳೇ ಓಡುವಾಗ ಲೆಕ್ಕದ ತಂತ್ರಾಂಶ ಓಡದೇ?

ಇದು ಸಹಜವಾದ ಊಹೆ, ಆದರೆ ಅದನ್ನು ನಂಬಿ ಹೊರಡುವಂತಿಲ್ಲ. ಆಟಗಳಿಗೆ ಮುಖ್ಯವಾಗಿ ಬೇಕಾದದ್ದು ಚಿತ್ರ, ಧ್ವನಿ, ಕೀಲಿಮಣೆ. ಈ ಭಾಗಗಳ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ವೃತ್ತಿಪರ ತಂತ್ರಾಂಶಗಳ ಸಿಕ್ಕು ಬೇರೆ ಕಡೆ ಇರುತ್ತದೆ: ಪರವಾನಗಿ ಪರೀಕ್ಷಿಸುವ ವ್ಯವಸ್ಥೆ, ಯುಎಸ್‌ಬಿ ಡಾಂಗಲ್, ಡಿಜಿಟಲ್ ಸಹಿಯ ಟೋಕನ್, ಪ್ಲಾಟರ್, ಪ್ರಯೋಗಾಲಯದ ಉಪಕರಣ. ಇವಕ್ಕೆಲ್ಲ ಡ್ರೈವರ್ ಬೇಕು. ವಿಂಡೋಸ್‌ಗೆ ಬರೆದ ಡ್ರೈವರನ್ನು ವೈನ್ ಮೂಲಕ ನಡೆಸುವುದು ಸಾಮಾನ್ಯವಾಗಿ ಆಗದ ಕೆಲಸ. ತಂತ್ರಾಂಶ ತೆರೆದುಕೊಂಡಿತು ಎಂದು ಖುಷಿಪಟ್ಟವರು ಮುದ್ರಣದ ಹೊತ್ತಿಗೆ ಸಿಕ್ಕಿಬೀಳುವುದು ಹೀಗೆ.

ಯಾವ ಕೆಲಸಕ್ಕೆ ಏನು ಪರಿಸ್ಥಿತಿ?

*ಲೆಕ್ಕಪತ್ರ:* ಟ್ಯಾಲಿ ಪ್ರೈಮ್ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ವೈನ್‌ನಲ್ಲಿ ನಡೆಸಲು ಪ್ರಯತ್ನಿಸಬಹುದು. ಆದರೆ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನ ಅದು ಕೈಕೊಟ್ಟರೆ ನೆರವಿಗೆ ಬರುವವರಿಲ್ಲ. ತಂತ್ರಾಂಶವನ್ನು ದೂರದ ಸರ್ವರ್‌ನಲ್ಲಿ ನಡೆಸಿ ಬ್ರೌಸರ್ ಮೂಲಕ ಬಳಸುವ ಸೇವೆಗಳಿವೆ. ಅದಕ್ಕೆ ತಿಂಗಳ ಬಾಡಿಗೆಯೂ ನಿಲ್ಲದ ಇಂಟರ್ನೆಟ್ಟೂ ಬೇಕು.

*ನಕ್ಷೆ ಮತ್ತು ವಿನ್ಯಾಸ:* ಆಟೋಕ್ಯಾಡ್ ವಿಂಡೋಸ್ ಮತ್ತು ಮ್ಯಾಕ್‌ಗೆ ಇದೆ, ಲಿನಕ್ಸ್‌ಗೆ ಇಲ್ಲ. ರೆವಿಟ್, ಸಾಲಿಡ್‌ವರ್ಕ್ಸ್ ವಿಂಡೋಸ್‌ನಲ್ಲಿ ಮಾತ್ರ. ಫೋಟೋಶಾಪ್, ಇನ್‌ಡಿಸೈನ್ ಕೂಡ ಲಿನಕ್ಸ್‌ಗೆ ಬಂದಿಲ್ಲ.

*ವಿಜ್ಞಾನ ಮತ್ತು ಸಂಶೋಧನೆ:* ಇಲ್ಲಿ ಚಿತ್ರ ತಿರುವುಮುರುವು. ಮ್ಯಾಟ್‌ಲ್ಯಾಬ್, ಆರ್, ಪೈಥಾನ್, ಭೂಪಟಗಳ ಕ್ಯೂಜಿಐಎಸ್, ಮೂರು ಆಯಾಮದ ಚಿತ್ರಗಳ ಬ್ಲೆಂಡರ್ ಎಲ್ಲವೂ ಲಿನಕ್ಸ್‌ನಲ್ಲಿ ನೇರವಾಗಿ ನಡೆಯುತ್ತವೆ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಇರುವುದೆಲ್ಲ ಲಿನಕ್ಸ್ ಯಂತ್ರಗಳೇ. ಆದ್ದರಿಂದ 'ಲಿನಕ್ಸ್ ಗಂಭೀರ ಕೆಲಸಕ್ಕಲ್ಲ' ಎಂಬುದೂ ತಪ್ಪು ನಂಬಿಕೆಯೇ.

ಕನ್ನಡ ಡಿಟಿಪಿ: ತೊಡಕು ಟೈಪಿಂಗ್‌ನಲ್ಲಿಲ್ಲ, ಹಳೆಯ ಕಡತದಲ್ಲಿದೆ

ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡುವುದು ಕಷ್ಟ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಯೂನಿಕೋಡ್ ಕನ್ನಡ ಅಲ್ಲಿ ಸರಾಗ. ನುಡಿ ಬಳಸುವವರಿಗೆ ಪರಿಚಿತವಾದ ಕಗಪ ಕೀಲಿಮಣೆ ವಿನ್ಯಾಸವೂ ಆಯ್ಕೆಗಳ ಪಟ್ಟಿಯಲ್ಲಿದೆ.

ನಿಜವಾದ ತೊಡಕು ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕೂರಿಸಿದ ಕಡತಗಳದು. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟಿರುತ್ತಾರೆ. ಕಣ್ಣಿಗೆ ಕಾಣುವುದು ಕನ್ನಡ, ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಗೋಜಲು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಆ ಗೋಜಲೇ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿಕೊಡುವ ಪರಿವರ್ತಕಗಳಿವೆ. ಆದರೆ ಒತ್ತಕ್ಷರ, ಅರ್ಕಾವೊತ್ತು, ಅಂಕಿಗಳ ಬಳಿ ತಪ್ಪು ನುಸುಳಬಹುದು, ಮತ್ತೊಮ್ಮೆ ಕರಡು ತಿದ್ದಲೇಬೇಕು.

ಇದರ ಜೊತೆಗೆ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹೀಗಾಗಿ ಯೂನಿಕೋಡ್‌ಗೆ ಬದಲಿಸಿದ ಪಠ್ಯವನ್ನು ಪೇಜ್‌ಮೇಕರ್‌ಗೆ ಮರಳಿ ಹಾಕುವಂತಿಲ್ಲ, ಪುಟವನ್ನು ಬೇರೆ ತಂತ್ರಾಂಶದಲ್ಲಿ ಹೊಸದಾಗಿ ಕಟ್ಟಬೇಕು. ಉಚಿತವಾದ ಸ್ಕ್ರೈಬಸ್‌ನ ಈಚಿನ ಆವೃತ್ತಿಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತವೆ. ಹೊಸ ಕೆಲಸ ಅದರಲ್ಲಿ ಶುರುಮಾಡಬಹುದು, ಹಳೆಯದಕ್ಕೆ ಹಳೆಯ ಕಂಪ್ಯೂಟರನ್ನೇ ಉಳಿಸಿಕೊಳ್ಳುವುದು ಜಾಣತನ.

ದೊಡ್ಡ ಸಂಸ್ಥೆಗಳ ಅನುಭವ ಏನು ಹೇಳುತ್ತದೆ?

ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗಲು ನಿರ್ಧರಿಸಿ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರ್‌ಗಳನ್ನು ಬದಲಿಸಿತು. ಆದರೂ ಕೆಲವು ಇಲಾಖೆಗಳ ವಿಶೇಷ ತಂತ್ರಾಂಶಗಳಿಗಾಗಿ ಒಂದಷ್ಟು ವಿಂಡೋಸ್ ಯಂತ್ರಗಳನ್ನು ಉಳಿಸಿಕೊಳ್ಳಬೇಕಾಯಿತು. 2017ರಲ್ಲಿ ನಗರಸಭೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಅದಕ್ಕೆ ರಾಜಕೀಯ ಕಾರಣಗಳೂ ಇದ್ದವೆಂಬ ಚರ್ಚೆ ಇಂದಿಗೂ ಇದೆ.

ಫ್ರಾನ್ಸಿನ ಜಾಂಡರ್ಮರಿ ಪೊಲೀಸ್ ಪಡೆ ಬೇರೆ ಹಾದಿ ಹಿಡಿಯಿತು. ವಿಂಡೋಸ್ ಇರುವಾಗಲೇ 2005ರಲ್ಲಿ ಓಪನ್‌ಆಫೀಸ್, ಬಳಿಕ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್ ತಂದು ಸಿಬ್ಬಂದಿಗೆ ಅಭ್ಯಾಸ ಮಾಡಿಸಿತು. ಉಬುಂಟು ಲಿನಕ್ಸ್‌ನತ್ತ ಹೊರಟದ್ದು 2008ರಲ್ಲಿ. ಆ ಹೊತ್ತಿಗೆ ದಿನಬಳಕೆಯ ತಂತ್ರಾಂಶಗಳು ಸಿಬ್ಬಂದಿಗೆ ಕೈಗೂಡಿದ್ದವು. ಮೊದಲು ತಂತ್ರಾಂಶ, ಆಮೇಲೆ ಕಾರ್ಯಾಚರಣಾ ವ್ಯವಸ್ಥೆ: ಒಂದೇ ಕಂಪ್ಯೂಟರ್ ಇರುವ ಅಂಗಡಿಗೂ ಈ ಕ್ರಮ ಹೊಂದುತ್ತದೆ.

ನಡುದಾರಿಗಳು

*ಎರಡೂ ಇಟ್ಟುಕೊಳ್ಳುವುದು:* ಒಂದೇ ಕಂಪ್ಯೂಟರ್‌ನಲ್ಲಿ ಎರಡೂ ವ್ಯವಸ್ಥೆ ಹಾಕಿ, ಆರಂಭವಾಗುವಾಗ ಬೇಕಾದ್ದನ್ನು ಆರಿಸಬಹುದು. ವಿಶೇಷ ತಂತ್ರಾಂಶಕ್ಕೆ ವಿಂಡೋಸ್, ಇಂಟರ್ನೆಟ್‌ಗೆ ಲಿನಕ್ಸ್.

*ವರ್ಚುವಲ್ ಮಷಿನ್:* ಲಿನಕ್ಸ್‌ನೊಳಗೆ ಒಂದು ವಿಂಡೋಸನ್ನೇ ನಡೆಸುವುದು. ಲೆಕ್ಕದ ತಂತ್ರಾಂಶಕ್ಕೆ ಸಾಕಾಗುತ್ತದೆ. ಆದರೆ ಕನಿಷ್ಠ 8 ಜಿಬಿ ರ್‍ಯಾಮ್ ಬೇಕು, ವಿಂಡೋಸ್ ಪರವಾನಗಿಯೂ ಬೇಕು. ಭಾರೀ ಗ್ರಾಫಿಕ್ಸ್ ಕೆಲಸ ಇದರಲ್ಲಿ ಏಗುವುದಿಲ್ಲ.

*ಮ್ಯಾಕ್:* 2020ರಿಂದ ಆಪಲ್ ತನ್ನದೇ ಚಿಪ್ ಬಳಸುತ್ತಿದೆ. ಇಂಟೆಲ್ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಿಕೊಳ್ಳುತ್ತಿದ್ದಂತೆ ಇವುಗಳಲ್ಲಿ ಆಗದು.

*ಕಾಲಾವಕಾಶ:* ಮನೆಬಳಕೆಯ ವಿಂಡೋಸ್ 10 ಕಂಪ್ಯೂಟರನ್ನು ವಿಸ್ತರಿತ ಯೋಜನೆಗೆ ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಅದಾದ ಮೇಲೂ ಹಳೆಯ ತಂತ್ರಾಂಶ ಬೇಕೇ ಬೇಕೆಂದಾದರೆ ಆ ಯಂತ್ರವನ್ನು ಇಂಟರ್ನೆಟ್‌ನಿಂದ ದೂರವಿಟ್ಟು ಆ ಒಂದೇ ಕೆಲಸಕ್ಕೆ ಬಳಸಿ. ಪೆನ್‌ಡ್ರೈವ್ ಹಾಕುವ ಮುನ್ನ ವೈರಸ್ ಪರೀಕ್ಷೆ ತಪ್ಪಿಸಬೇಡಿ.

ನಿರ್ಧರಿಸುವ ಮುನ್ನ ಮಾಡಬೇಕಾದ್ದು

1. ಒಂದು ತಿಂಗಳಲ್ಲಿ ನೀವು ಬಳಸುವ ತಂತ್ರಾಂಶ, ಪ್ರಿಂಟರ್, ಸ್ಕ್ಯಾನರ್, ಟೋಕನ್ ಎಲ್ಲವನ್ನೂ ಪಟ್ಟಿ ಮಾಡಿ. ವರ್ಷಕ್ಕೊಮ್ಮೆ ಬಳಸುವುದನ್ನೂ ಸೇರಿಸಿ.
2. ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ. ಆ ನಕಲು ತೆರೆಯುತ್ತದೆಯೇ ಎಂದು ನೋಡಿ.
3. ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ. 'ಇನ್‌ಸ್ಟಾಲ್' ಒತ್ತದಿದ್ದರೆ ಹಾರ್ಡ್‌ಡಿಸ್ಕ್‌ನಲ್ಲಿ ಇರುವುದು ಹಾಗೆಯೇ ಇರುತ್ತದೆ.
4. ಒಂದು ನಿಜವಾದ ಕೆಲಸವನ್ನು ಮೊದಲಿನಿಂದ ಮುದ್ರಣದವರೆಗೆ ಮಾಡಿ. ಬರೀ ತಂತ್ರಾಂಶ ತೆರೆದು ನೋಡಿದರೆ ಸಾಲದು.
5. ನಿಮ್ಮ ಕಡತವನ್ನು ಗ್ರಾಹಕರಿಗೋ ಮುದ್ರಣಾಲಯಕ್ಕೋ ಕಳಿಸಿ, ಅಲ್ಲಿಯೂ ಸರಿಯಾಗಿ ತೆರೆಯುತ್ತದೆಯೇ ಎಂದು ಕೇಳಿ.

ಈ ಐದೂ ದಾಟಿದರೆ ಧೈರ್ಯವಾಗಿ ಬದಲಿಸಿ. ಹಳೆಯ ಕಂಪ್ಯೂಟರ್‌ಗೆ ಇನ್ನಷ್ಟು ವರ್ಷ ಆಯುಸ್ಸು ಸಿಗುತ್ತದೆ, ಹಣವೂ ಉಳಿಯುತ್ತದೆ. ಎಲ್ಲಾದರೂ ಎಡವಿದರೆ ವಿಂಡೋಸನ್ನು ಅಳಿಸಬೇಡಿ, ಮೇಲಿನ ನಡುದಾರಿಗಳಲ್ಲಿ ಒಂದನ್ನು ಆರಿಸಿ.